ಡೆಲ್ಫಿಯ ಬಾಗಿಲಿನ ಮಾತು

ಲಿಡಿಯಾ ದೇಶದ ದೊರೆ ಕ್ರೀಸಸನ ಐಶ್ವರ್ಯ ಗ್ರೀಕರಲ್ಲಿ ಗಾದೆಯ ಮಾತಾಗಿತ್ತು. ಇಂದಿನ ತುರ್ಕಿಯ ಪಶ್ಚಿಮ ಭಾಗದಲ್ಲಿದ್ದ ಸಾರ್ಡಿಸ್ ನಗರ ಅವನ ರಾಜಧಾನಿ. ಪೂರ್ವದಲ್ಲಿ ಪಾರಸಿಕರ ಅರಸ ಕೈರಸ್ ದಿನದಿನಕ್ಕೆ ಪ್ರಬಲನಾಗುತ್ತಿರುವುದನ್ನು ಕಂಡು ಕ್ರೀಸಸನಿಗೆ ಕಳವಳವಾಯಿತು. ಅವನ ಮೇಲೆ ದಂಡೆತ್ತಿ ಹೋಗಬಹುದೆ, ಕೂಡದೆ? ಡೆಲ್ಫಿಯ ದೇಗುಲದಲ್ಲಿದ್ದ ಅಪೊಲೊ ದೇವನನ್ನು ಕೇಳಿಬರಲೆಂದು ಅವನು ದೂತರನ್ನು ಅಟ್ಟಿದನು. ಅವನು ಆ ದೇವನಿಗೆ ಒಪ್ಪಿಸಿದ ಕಾಣಿಕೆಗಳನ್ನು ಚರಿತ್ರಕಾರ ಹೆರೊಡೋಟಸ್ ಎಣಿಸಿ ಬರೆದಿದ್ದಾನೆ: ಹೊನ್ನಿನ ಸಿಂಹವೊಂದು, ಲೋಹದ ಗಟ್ಟಿಗಳು ೧೧೭, ಚಿನ್ನದ್ದೊಂದು ಬೆಳ್ಳಿಯದೊಂದು ಹೆಗ್ಗೊಪ್ಪರಿಗೆ. ಉತ್ತರ ಬಂದಿತು. ದಂಡೆತ್ತಿ ಹೋದರೆ ದೊಡ್ಡ ರಾಜ್ಯವೊಂದು ಅಳಿಯುವುದೆಂದು ದೇವವಾಣಿ ನುಡಿದಿತ್ತು. ದೊರೆ ಹಿಗ್ಗಿ ಹ್ಯಾಲಿಸ್ ನದಿಯನ್ನು ದಾಟಿದನು. ಕ್ರಿ. ಪೂ. ೫೪೬ರ ಸುಮಾರಿಗೆ ಸಾರ್ಡಿಸ್ ಕೈರಸನ ವಶವಾಯಿತು. ದೇವವಾಣಿ ಸುಳ್ಳಾಗಲಿಲ್ಲ. ಅಳಿದದ್ದು ದೊಡ್ಡ ರಾಜ್ಯವೇ. ಆದರೆ ಅದು ಕ್ರೀಸಸನ ರಾಜ್ಯ.

ಸೆರೆಯಾದ ಕ್ರೀಸಸ್ ತನ್ನ ಕೈಕೋಳಗಳನ್ನೇ ಡೆಲ್ಫಿಗೆ ಕಳುಹಿಸಿ, ಇಷ್ಟು ಕಾಣಿಕೆ ಉಂಡ ದೇವನಿಗೆ ನಾಚಿಕೆಯಾಗಲಿಲ್ಲವೆ ಎಂದು ಕೇಳಿಸಿದನಂತೆ. ಯಾವ ರಾಜ್ಯವೆಂದು ಅವನು ಮತ್ತೊಮ್ಮೆ ಕೇಳಬೇಕಾಗಿತ್ತು. ಕೇಳದಿದ್ದುದು ಅವನದೇ ತಪ್ಪು ಎಂಬುದು ಅಲ್ಲಿಂದ ಬಂದ ಮಾರುತ್ತರ.

ಈ ಕತೆ ಅನೇಕರಿಗೆ ತಿಳಿದದ್ದೇ. ಇದೇ ಕ್ರೀಸಸನನ್ನು ಕುರಿತು ಕ್ಸೆನೊಫನ್ ಎಂಬ ಲೇಖಕ ಸುಮಾರು ಎರಡು ಶತಮಾನಗಳ ಬಳಿಕ ಹೇಳಿದ ಇನ್ನೊಂದು ಕತೆ ಅಷ್ಟು ಪ್ರಸಿದ್ಧವಲ್ಲ. ಕೈರಸನ ಬಾಳನ್ನು ವರ್ಣಿಸುವ ಅವನ ಗ್ರಂಥದಲ್ಲಿ ಚರಿತ್ರೆಗಿಂತ ಕಲ್ಪನೆಯ ಪಾಲೇ ಹೆಚ್ಚು. ಆದರೂ ಕತೆ ಅರ್ಥವತ್ತಾಗಿದೆ. ಸೋತ ದೊರೆ ಗೆದ್ದ ದೊರೆಯ ಎದುರು ಕುಳಿತು ಮನಸ್ಸು ಬಿಚ್ಚಿ ಮಾತನಾಡುತ್ತಾನೆ. ಬಾಳು ಸುಖವಾಗಿ ಕಳೆಯಬೇಕಾದರೆ ಏನು ಮಾಡಬೇಕೆಂದು ಅವನು ಹಿಂದೊಮ್ಮೆ ಡೆಲ್ಫಿಯಲ್ಲಿ ಕೇಳಿಸಿದ್ದನು. ತನ್ನನ್ನು ತಾನು ಅರಿತುಕೊಂಡರೆ ಸುಖಿಯಾಗುವನೆಂದು ಉತ್ತರ ಬಂದಿತ್ತು. ಅದನ್ನು ಕೇಳಿ ಅವನಿಗೆ ಬಹಳ ಸಂತೋಷವಾಯಿತಂತೆ. ಪರರಲ್ಲಿ ಕೆಲವರನ್ನು ಅರಿಯಬಹುದು, ಕೆಲವರನ್ನು ಅರಿಯಲಾಗದು. ಆದರೆ ತಾನು ಯಾರೆಂಬುದು ಯಾರಿಗೆ ತಾನೆ ತಿಳಿಯದು? ದೇವರು ವಿಧಿಸಿದ್ದು ಲೋಕದಲ್ಲೆಲ್ಲ ಅತಿ ಸುಲಭವಾದ ಕೆಲಸ ಎಂದುಕೊಂಡನು. ಶಾಂತಿಯ ದಿನಗಳಲ್ಲಿ ಆ ನಂಬಿಕೆ ಹೇಗೋ ಸಾಗಿತು. ಅನಂತರ ಸುತ್ತಲಿನ ಅರಸರು ಹೊಗಳಿದರು, ಕಾಣಿಕೆ ಕೊಟ್ಟರು, ಸೇನಾಧಿಪತ್ಯ ವಹಿಸಿದರೆ ಮನುಷ್ಯರಲ್ಲೆಲ್ಲ ದೊಡ್ಡವನಾಗುವೆಯೆಂದರು. ಕ್ರೀಸಸ್ ಉಬ್ಬಿದನು, ತನ್ನ ಅಳತೆ ತನಗೇ ಮರೆಯಿತು.

ಎರಡು ಕತೆಗಳನ್ನು ಜೋಡಿಸಿ ನೋಡಿದರೆ ಗ್ರೀಕರ ಚಿಂತನೆಯ ಒಂದು ಮುಖ್ಯ ಎಳೆ ಕೈಗೆ ಸಿಗುತ್ತದೆ. ದೊಡ್ಡ ರಾಜ್ಯವೆಂದರೆ ಶತ್ರುವಿನ ರಾಜ್ಯವೇ ಎಂದು ಕ್ರೀಸಸನಿಗೆ ಕೇಳಿಸಿದ್ದೇಕೆ? ದೇವವಾಣಿ ಅಸ್ಪಷ್ಟವಾಗಿದ್ದುದರಿಂದ ಮಾತ್ರವಲ್ಲ. ಕೇಳಿದವನಿಗೆ ತನ್ನ ಅರಿವಿಲ್ಲದ್ದರಿಂದ. ತನ್ನನ್ನು ಅರಿಯದವನು ದೇವರ ಮಾತನ್ನೂ ತನ್ನ ಬಯಕೆಯ ಕಿವಿಯಿಂದಲೇ ಕೇಳುತ್ತಾನೆ.

ಡೆಲ್ಫಿಯ ದೇಗುಲ ಪರ್ನಾಸಸ್ ಪರ್ವತದ ದಕ್ಷಿಣದ ಇಳಿಜಾರಿನಲ್ಲಿತ್ತು. ಇಂದು ಅಲ್ಲಿ ಉಳಿದಿರುವುದು ಅಡಿಪಾಯ ಮತ್ತು ಮತ್ತೆ ನಿಲ್ಲಿಸಿದ ಕೆಲವು ಕಂಬಗಳು ಮಾತ್ರ. ಹಿಂದೆ ಕಣಿ ಕೇಳಬಂದವರು ಒಳಗೆ ಕಾಲಿಡುವ ಮುನ್ನ ಮುಖಮಂಟಪದಲ್ಲಿ ಕೊರೆದಿದ್ದ ಕೆಲವು ಪುಟ್ಟ ಮಾತುಗಳನ್ನು ಕಾಣುತ್ತಿದ್ದರು. ಯಾವುದೂ ಅತಿಯಾಗಬಾರದೆಂಬುದು ಒಂದು. ತನ್ನನ್ನು ತಾನು ಅರಿಯಬೇಕೆಂಬುದು ಇನ್ನೊಂದು. ಗ್ರೀಕ್ ನುಡಿಯಲ್ಲಿ ಅದು ಎರಡೇ ಪದಗಳ ಮಾತು. ಪ್ರಾಚೀನರು ಇವನ್ನು ಸಪ್ತಜ್ಞಾನಿಗಳೆಂದು ಹೆಸರಾದ ಹಿರಿಯರ ಮಾತುಗಳೆಂದು ನಂಬಿದ್ದರು.

ಆತ್ಮಜ್ಞಾನವೆಂದೊಡನೆ ನಮ್ಮ ಓದುಗರಿಗೆ ಉಪನಿಷತ್ತುಗಳ ನೆನಪಾಗುವುದು ಸಹಜ. ಆದರೆ ಎರಡನ್ನೂ ಒಂದೇ ಎಂದು ಅವಸರದಲ್ಲಿ ಕೂಡಿಸಬಾರದು. ಡೆಲ್ಫಿಯ ಮಾತಿನ ಮೊದಲ ಅರ್ಥ ಮನುಷ್ಯನಲ್ಲಿ ದೈವವನ್ನು ಕಾಣುವುದಾಗಿರಲಿಲ್ಲ. ಒಳಗೆ ಬರುವವನು ತಾನು ದೇವನಲ್ಲ, ಸಾಯುವ ಮನುಷ್ಯನೆಂಬುದನ್ನು ಮರೆಯದಿರಲಿ ಎಂಬ ಎಚ್ಚರಿಕೆ ಅದಾಗಿತ್ತು. ಮನುಷ್ಯನಿಗೂ ದೇವತೆಗಳಿಗೂ ನಡುವಣ ಗೆರೆಯನ್ನು ದಾಟಹೊರಟವನಿಗೆ ನಾಶ ತಪ್ಪದೆಂಬುದು ಗ್ರೀಕ್ ನಾಟಕಗಳು ಮತ್ತೆ ಮತ್ತೆ ತೋರಿದ ನೋಟ. ಈ ಎಚ್ಚರಿಕೆಯ ಮಾತು ವಿಚಾರದ ಮಾತಾಗಿ ಬೆಳೆದದ್ದು ಮುಂದಿನ ಕತೆ.

ಅದಕ್ಕೆ ಮೊದಲು, ದೇವರನ್ನು ಕುರಿತು ನಿರ್ಭಯವಾಗಿ ತರ್ಕಿಸಿದ ಒಬ್ಬ ಕವಿಯನ್ನು ನೆನೆಯಬೇಕು. ಕ್ಸೆನೊಫನೀಸ್ ಎಂದು ಅವನ ಹೆಸರು. ಹಿಂದೆ ಹೇಳಿದ ಕ್ಸೆನೊಫನ್ ಬೇರೆ, ಇವನು ಬೇರೆ; ಇವನು ಕಾಲದಲ್ಲಿ ಹಿರಿಯ. ಏಷ್ಯಾದ ಕರಾವಳಿಯ ಕೊಲೊಫನ್ ಎಂಬ ಗ್ರೀಕ್ ನಗರದಲ್ಲಿ ಕ್ರಿ. ಪೂ. ೫೭೦ರ ಸುಮಾರಿಗೆ ಹುಟ್ಟಿ, ಇಪ್ಪತ್ತೈದನೆಯ ವಯಸ್ಸಿನಿಂದ ಅರುವತ್ತೇಳು ವರ್ಷ ಊರಿಂದೂರಿಗೆ ಅಲೆದೆನೆಂದು ಅವನೇ ಪದ್ಯದಲ್ಲಿ ಲೆಕ್ಕ ಕೊಟ್ಟಿದ್ದಾನೆ. ಅಲೆದವನ ಕಣ್ಣಿಗೆ ಒಂದು ಸಂಗತಿ ಬಿದ್ದಿತು. ಇಥಿಯೋಪಿಯದವರ ದೇವತೆಗಳು ಕಪ್ಪು, ಮೂಗು ಮೊಂಡು. ಥ್ರೇಸ್‌ನವರ ದೇವತೆಗಳಿಗೆ ನೀಲಿ ಕಣ್ಣು, ಕೆಂಗೂದಲು. ಹಾಗಾದರೆ ಎತ್ತುಗಳಿಗೂ ಕುದುರೆಗಳಿಗೂ ಸಿಂಹಗಳಿಗೂ ಕೈಯಿದ್ದು ಚಿತ್ರ ಬರೆಯಬಲ್ಲವಾಗಿದ್ದರೆ? ಎತ್ತು ಎತ್ತಿನಂಥ ದೇವರನ್ನೂ ಕುದುರೆ ಕುದುರೆಯಂಥ ದೇವರನ್ನೂ ಬರೆಯುತ್ತಿದ್ದವೆಂದು ಅವನ ತರ್ಕ. ಹೋಮರ್, ಹೆಸಿಯಡ್ ಮುಂತಾದ ಪೂಜ್ಯ ಕವಿಗಳು ಮನುಷ್ಯರಲ್ಲಿ ನಿಂದ್ಯವಾದ ಕಳವು, ವ್ಯಭಿಚಾರ, ವಂಚನೆಗಳನ್ನೆಲ್ಲ ದೇವತೆಗಳ ಮೇಲೆ ಹೊರಿಸಿದರೆಂದೂ ಅವನು ಆಕ್ಷೇಪಿಸಿದನು.

ಇಷ್ಟರಿಂದ ಅವನನ್ನು ನಾಸ್ತಿಕನೆಂದು ಬಗೆದರೆ ತಪ್ಪಾದೀತು. ದೇವತೆಗಳಲ್ಲೂ ಮನುಷ್ಯರಲ್ಲೂ ಅತಿ ಶ್ರೇಷ್ಠನಾದ ಒಬ್ಬ ದೇವನುಂಟು. ಅವನು ಆಕಾರದಲ್ಲಿಯೂ ಬುದ್ಧಿಯಲ್ಲಿಯೂ ಮನುಷ್ಯನಂತಲ್ಲ. ಆಯಾಸವಿಲ್ಲದೆ ಮನಸ್ಸಿನಿಂದಲೇ ಎಲ್ಲವನ್ನೂ ನಡೆಸುತ್ತಾನೆ ಎಂಬುದು ಅವನ ನಿಲುವು. ಆದರೆ ಅಲ್ಲಿಗೂ ಅವನು ನಿಲ್ಲಲಿಲ್ಲ. ದೇವರ ವಿಷಯದಲ್ಲಿ ಸ್ಪಷ್ಟವಾದ ಸತ್ಯವನ್ನು ಕಂಡ ಮನುಷ್ಯನಿಲ್ಲ. ಒಬ್ಬನ ಬಾಯಿಂದ ಪೂರ್ಣಸತ್ಯವೇ ಹೊರಟರೂ ಅದು ಸತ್ಯವೆಂದು ಅವನಿಗೆ ಖಚಿತವಾಗಿ ತಿಳಿದಿರದು ಎಂದೂ ಸೇರಿಸಿದನು. ಈ ಮಾತು ತನಗೂ ಅನ್ವಯಿಸುತ್ತದೆಂಬುದನ್ನು ಅವನು ಬಲ್ಲನು. ದೇವರಿಗೆ ನಮ್ಮ ಮುಖವನ್ನು ತೊಡಿಸುತ್ತಿದ್ದೇವೆಂದು ಕಂಡುಕೊಳ್ಳಬೇಕಾದರೆ ನಮ್ಮ ಮುಖದ ಪರಿಚಯ ನಮಗೆ ಮೊದಲು ಇರಬೇಕಷ್ಟೆ.

ಆ ಪರಿಚಯವನ್ನೇ ಬಾಳಿನ ಕಸುಬು ಮಾಡಿಕೊಂಡವನು ಅಥೆನ್ಸಿನ ಸಾಕ್ರಟೀಸ್. ಅವನು ಒಂದು ಅಕ್ಷರವನ್ನೂ ಬರೆದಿಡಲಿಲ್ಲ. ನಮಗೆ ದೊರೆಯುವುದು ಹೆಚ್ಚಾಗಿ ಅವನ ಬಳಿ ಬೆಳೆದ ಪ್ಲೇಟೊ ಮತ್ತು ಕ್ಸೆನೊಫನ್ ಬರೆದ ಸಂವಾದಗಳು. ಅವುಗಳಲ್ಲಿ ಗುರುವಿನ ಮಾತೆಷ್ಟು, ಶಿಷ್ಯರ ಮಾತೆಷ್ಟು ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಆದರೆ ಇಬ್ಬರ ಬರೆಹದಲ್ಲಿಯೂ ಡೆಲ್ಫಿಯ ಬಾಗಿಲಿನ ಮಾತು ಸಾಕ್ರಟೀಸನ ನಾಲಗೆಯ ಮೇಲಿದೆ.

ಪ್ಲೇಟೊ ಚಿತ್ರಿಸಿದ ಒಂದು ದೃಶ್ಯದಲ್ಲಿ ಸಾಕ್ರಟೀಸನೂ ಫೀಡ್ರಸ್ ಎಂಬ ಗೆಳೆಯನೂ ಊರ ಹೊರಗೆ ಇಲಿಸಸ್ ಹೊಳೆಯ ಬದಿಯಲ್ಲಿ ನಡೆಯುತ್ತಿದ್ದಾರೆ. ಬೇಸಗೆಯ ನಡುಹಗಲು, ಹೊಳೆಯ ತೆಳುನೀರಿನಲ್ಲಿ ಬರಿಗಾಲು. ಬಡಗಣ ಗಾಳಿಯ ದೇವತೆ ರಾಜಪುತ್ರಿಯೊಬ್ಬಳನ್ನು ಎತ್ತಿಕೊಂಡು ಹೋದದ್ದು ಇಲ್ಲಿಯೇ ಅಲ್ಲವೆ, ಆ ಕತೆಯನ್ನು ನಂಬುವೆಯಾ ಎಂದು ಗೆಳೆಯ ಕೇಳುತ್ತಾನೆ. ಗಾಳಿ ಬೀಸಿ ಹುಡುಗಿ ಬಂಡೆಯಿಂದ ಜಾರಿಬಿದ್ದಳೆಂದು ಜಾಣತನದ ವಿವರಣೆ ಕೊಡಬಹುದು. ಆದರೆ ಹಾಗೆ ಒಂದು ಪುರಾಣವನ್ನು ವಿವರಿಸಿದರೆ ಉಳಿದವನ್ನೂ ವಿವರಿಸುತ್ತ ಕೂರಬೇಕು. ಅದಕ್ಕೆ ತನಗೆ ಬಿಡುವಿಲ್ಲವೆಂದು ಸಾಕ್ರಟೀಸನ ಉತ್ತರ. ಡೆಲ್ಫಿಯ ಅಪ್ಪಣೆಯಂತೆ ತನ್ನನ್ನೇ ಇನ್ನೂ ಅರಿತಾಗಿಲ್ಲ. ತಾನು ಪುರಾಣದ ಟೈಫನ್ ರಾಕ್ಷಸನಿಗಿಂತ ಕ್ರೂರವೂ ಜಟಿಲವೂ ಆದ ಮೃಗವೋ, ದೈವದ ಅಂಶವುಳ್ಳ ಸೌಮ್ಯ ಜೀವಿಯೋ ಎಂಬುದೇ ತೀರ್ಮಾನವಾಗದಿರುವಾಗ ಪರರ ಕತೆಗಳ ವಿಚಾರಣೆ ಹಾಸ್ಯಾಸ್ಪದವೆಂದು ಅವನು ಹೇಳುತ್ತಾನೆ. ಆಸ್ತಿಕನೂ ನಾಸ್ತಿಕನೂ ಒಟ್ಟಿಗೆ ತಲೆತಗ್ಗಿಸಬೇಕಾದ ಉತ್ತರವಿದು.

ತನ್ನನ್ನು ಅರಿಯುವುದೆಂದರೆ ಏನೆಂಬುದನ್ನು ಕ್ಸೆನೊಫನ್ ಇನ್ನೂ ಸರಳವಾಗಿ ಹೇಳಿಸಿದ್ದಾನೆ. ಯೂಥಿಡೀಮಸ್ ಎಂಬ ಚೆಲುವ ತರುಣ ಕವಿಗಳ, ಪಂಡಿತರ ಗ್ರಂಥಗಳನ್ನು ರಾಶಿ ಹಾಕಿಕೊಂಡಿದ್ದನು. ಓರಗೆಯವರಿಗಿಂತ ತಾನು ಬುದ್ಧಿವಂತನೆಂಬ ಹೆಮ್ಮೆ ಅವನಿಗೆ. ಚೌಕದ ಸಭೆಗೆ ಹೋಗುವ ವಯಸ್ಸಾಗಿರದ ಕಾರಣ ಹತ್ತಿರದ ಲಗಾಮು ಮಾಡುವವನ ಅಂಗಡಿಯಲ್ಲಿ ಕುಳಿತಿರುತ್ತಿದ್ದನು. ಸಾಕ್ರಟೀಸ್ ಅಲ್ಲಿಗೇ ಹೋಗಿ ಮಾತಿಗೆಳೆದನು. ನ್ಯಾಯ ಯಾವುದು, ಅನ್ಯಾಯ ಯಾವುದು ಎಂಬ ಪ್ರಶ್ನೆಗಳಲ್ಲಿ ತರುಣ ಮುಗ್ಗರಿಸಿದ ಮೇಲೆ, ಡೆಲ್ಫಿಗೆ ಹೋಗಿದ್ದುಂಟೆ ಎಂದು ಕೇಳಿದನು. ಎರಡು ಸಲ ಹೋಗಿದ್ದೆನೆಂದು ಹುಡುಗನ ಉತ್ತರ. ಗೋಡೆಯ ಮೇಲಿನ ಮಾತು ಕಂಡಿತೆ? ಕಂಡಿತು. ಅದರ ಬಗೆಗೆ ಯೋಚಿಸಿದೆಯಾ? ಇಲ್ಲ, ಅದು ತನಗೆ ತಿಳಿದದ್ದೇ ಎಂದುಕೊಂಡಿದ್ದನು. ಕ್ರೀಸಸ್ ಅರಸ ಹೇಳಿದ್ದೂ ಇದನ್ನೇ ಅಲ್ಲವೆ?

ಕುದುರೆ ಕೊಳ್ಳುವವನು ಅದರ ಹೆಸರು ಕೇಳಿ ಸುಮ್ಮನಾಗುವುದಿಲ್ಲ. ಅದು ಸಾಧುವೋ ಮೊಂಡೋ, ಬಲವುಳ್ಳದ್ದೋ ದುರ್ಬಲವೋ, ಚುರುಕೋ ನಿಧಾನವೋ ಎಂದು ಓಡಿಸಿ ನೋಡುತ್ತಾನೆ. ಹಾಗೆಯೇ ತಾನು ಯಾವ ಕೆಲಸಕ್ಕೆ ತಕ್ಕವನು, ತನ್ನ ಶಕ್ತಿ ಎಷ್ಟು ಎಂದು ಪರೀಕ್ಷಿಸಿಕೊಂಡವನೇ ತನ್ನನ್ನು ಬಲ್ಲವನು. ಹೆಸರು ಮಾತ್ರ ಬಲ್ಲವನಲ್ಲ. ಕುದುರೆಯ ಲಗಾಮುಗಳ ನಡುವೆ ಕುಳಿತಿದ್ದ ಹುಡುಗನಿಗೆ ಈ ಉಪಮೆ ತಟ್ಟದಿರಲಿಲ್ಲ. ಅಂದು ಅವನು ತನ್ನನ್ನೇ ಹಳಿದುಕೊಳ್ಳುತ್ತ ಮನೆಗೆ ಹೋದನು. ಹೀಗೆ ಮುಖಭಂಗವಾದ ಅನೇಕರು ಸಾಕ್ರಟೀಸನ ಕಡೆ ಮತ್ತೆ ಸುಳಿಯುತ್ತಿರಲಿಲ್ಲ. ಯೂಥಿಡೀಮಸ್ ಮಾತ್ರ ಹಿಂದಿರುಗಿ ಬಂದನು.

ಇದೇ ಸಾಕ್ರಟೀಸ್ ದೇವರನ್ನು ಕುರಿತು ತರ್ಕಿಸಿದ್ದೂ ಉಂಟು. ಅರಿಸ್ಟೊಡೀಮಸ್ ಎಂಬ ಕುಳ್ಳ ದೇವತೆಗಳಿಗೆ ಬಲಿಯರ್ಪಿಸುತ್ತಿರಲಿಲ್ಲ, ಪ್ರಾರ್ಥಿಸುತ್ತಿರಲಿಲ್ಲ. ಹಾಗೆ ಮಾಡುವವರನ್ನು ಕಂಡು ನಗುತ್ತಿದ್ದನು. ಸಾಕ್ರಟೀಸ್ ಅವನ ಗಮನವನ್ನು ಕಣ್ಣಿನ ಕಡೆ ಸೆಳೆದನು. ಕಣ್ಣು ಮೃದುವಾದ ಅಂಗ. ಅದಕ್ಕೆ ಬೇಕೆಂದಾಗ ತೆರೆದು ನಿದ್ದೆಯಲ್ಲಿ ಮುಚ್ಚುವ ರೆಪ್ಪೆಯ ಬಾಗಿಲು. ಗಾಳಿ ತಾಗದಂತೆ ಎವೆಗೂದಲಿನ ಜರಡಿ. ಹಣೆಯ ಬೆವರು ಇಳಿಯದಂತೆ ಹುಬ್ಬಿನ ಸೂರು. ಇದೆಲ್ಲ ಬುದ್ಧಿಯ ಕೆಲಸವೋ, ಆಕಸ್ಮಿಕವೋ? ಸೃಷ್ಟಿಯ ರಚನೆಯಿಂದ ಸೃಷ್ಟಿಕರ್ತನನ್ನು ಊಹಿಸುವ ವಾದ ಇಷ್ಟು ವಿವರವಾಗಿ ಉಳಿದುಬಂದಿರುವ ಅತಿ ಹಳೆಯ ಬರೆಹಗಳಲ್ಲಿ ಇದೊಂದು. ಡಾರ್ವಿನ್ ೧೮೫೯ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದಂದಿನಿಂದ ಈ ವಾದದ ಬಲ ಮೊದಲಿನಂತೆ ಉಳಿದಿಲ್ಲ. ರೆಪ್ಪೆ ಹುಬ್ಬುಗಳು ಕೋಟ್ಯಂತರ ವರ್ಷಗಳಲ್ಲಿ ಸ್ವಾಭಾವಿಕವಾದ ಆಯ್ಕೆಯಿಂದ ರೂಪುಗೊಳ್ಳಬಲ್ಲವೆಂಬುದನ್ನು ಜೀವಶಾಸ್ತ್ರ ತೋರಿಸಿಕೊಟ್ಟಿದೆ.

ಆದರೆ ಆ ಸಂವಾದದ ಮುಂದಿನ ಹೆಜ್ಜೆ ಬೇರೆ ತೆರನಾದದ್ದು. ಲೋಕವನ್ನು ನಡೆಸುವ ಒಡೆಯರು ಕಣ್ಣಿಗೆ ಕಾಣುವುದಿಲ್ಲವಲ್ಲ ಎಂದು ಅರಿಸ್ಟೊಡೀಮಸ್ ಆಕ್ಷೇಪಿಸಿದನು. ದೇಹವನ್ನು ನಡೆಸುವ ತನ್ನ ಆತ್ಮವೂ ಅವನ ಕಣ್ಣಿಗೆ ಕಾಣುವುದಿಲ್ಲವೆಂದು ಸಾಕ್ರಟೀಸ್ ನೆನಪಿಸಿದನು. ಕಾಣದೆಂಬ ಕಾರಣಕ್ಕೆ, ತಾನು ಮಾಡುವುದೆಲ್ಲ ಬುದ್ಧಿಯಿಲ್ಲದ ಆಕಸ್ಮಿಕವೆಂದು ಅವನು ಹೇಳುತ್ತಾನೆಯೆ? ಇದು ದೇವರಿದ್ದಾನೆಂಬುದಕ್ಕೆ ಸಾಕ್ಷ್ಯವಾಗಲಾರದು. ಕಾಣದ್ದೆಲ್ಲ ಇಲ್ಲವೆನ್ನುವ ಅವಸರಕ್ಕೆ ಮಾತ್ರ ತಡೆ. ದೇವರ ವಿಚಾರದಲ್ಲಿ ತೊಡಗಿದ ತರ್ಕ ಇಲ್ಲಿಯೂ ತಿರುಗಿ ಬಂದು ನಿಲ್ಲುವುದು ತರ್ಕಿಸುವವನ ಮುಂದೆಯೇ. ದೂರದ ದೈವ ಕಾಣದೆಂಬವನಿಗೆ, ಅತಿ ಹತ್ತಿರದ ತಾನೇ ಕಾಣುತ್ತಿಲ್ಲವೆಂಬುದು ಹೊಳೆಯುತ್ತದೆ.

ತನ್ನ ಅರಿವಿಲ್ಲದ ದೈವಭಕ್ತಿಯಿಂದ ಒದಗುವ ಅಪಾಯವನ್ನು ಪ್ಲೇಟೊ ಬರೆದ ಯೂಥಿಫ್ರೊ ಎಂಬ ಸಂವಾದ ತೋರಿಸುತ್ತದೆ. ಕ್ರಿ. ಪೂ. ೩೯೯ರಲ್ಲಿ, ಎಪ್ಪತ್ತು ವರ್ಷದ ಸಾಕ್ರಟೀಸ್ ತನ್ನ ಮೇಲಣ ಆಪಾದನೆಯ ಸಂಬಂಧದಲ್ಲಿ ನ್ಯಾಯಾಧಿಕಾರಿಯ ಮಂಟಪಕ್ಕೆ ಬಂದಾಗ ಅಲ್ಲಿ ಯೂಥಿಫ್ರೊ ಎಂಬ ಕಣಿಗಾರನನ್ನು ಕಾಣುತ್ತಾನೆ. ಅವನು ಕೊಲೆಯ ಮೊಕದ್ದಮೆ ಹೂಡಲು ಬಂದವನು. ಪ್ರತಿವಾದಿ ಅವನ ಹೆತ್ತ ತಂದೆ! ನ್ಯಾಕ್ಸಸ್ ದ್ವೀಪದ ಅವರ ಹೊಲದಲ್ಲಿ ಕೂಲಿಯಾಳೊಬ್ಬ ಕುಡಿದ ಅಮಲಿನಲ್ಲಿ ಮನೆಯ ದಾಸನನ್ನು ಕೊಂದಿದ್ದನು. ತಂದೆ ಅವನ ಕೈಕಾಲು ಕಟ್ಟಿ ಹಳ್ಳಕ್ಕೆ ತಳ್ಳಿ, ಮುಂದೇನು ಮಾಡಬೇಕೆಂದು ಧರ್ಮಾಧಿಕಾರಿಗಳನ್ನು ಕೇಳಿಬರಲು ಅಥೆನ್ಸಿಗೆ ಆಳನ್ನು ಅಟ್ಟಿದನು. ಆಳು ಮರಳುವುದರೊಳಗೆ ಕೂಲಿಯವನು ಹಸಿವು ಚಳಿಗಳಿಂದ ಸತ್ತಿದ್ದನು.

ಮನೆಯವರೆಲ್ಲ ಮಗನ ಮೇಲೆ ಸಿಟ್ಟಾಗಿದ್ದಾರೆ. ಮಗನಿಗೆ ಮಾತ್ರ ಎಳ್ಳಷ್ಟೂ ಸಂದೇಹವಿಲ್ಲ. ಕೂಲಿಯವನ ಸಾವಿಗೂ ನ್ಯಾಯ ಸಿಗಬೇಕೆಂಬ ಅವನ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಪುಣ್ಯಪಾಪಗಳ ಸೂಕ್ಷ್ಮವೆಲ್ಲ ತನಗೆ ಚೆನ್ನಾಗಿ ಗೊತ್ತೆಂದು ಅವನು ಕೊಚ್ಚಿಕೊಳ್ಳುತ್ತಾನೆ. ಹಾಗಾದರೆ ಪುಣ್ಯವೆಂದರೇನೆಂದು ಕಲಿಸಬೇಕೆಂದು ಸಾಕ್ರಟೀಸ್ ಬೇಡುತ್ತಾನೆ. ದೇವತೆಗಳಿಗೆ ಪ್ರಿಯವಾದದ್ದೇ ಪುಣ್ಯವೆಂದು ಯೂಥಿಫ್ರೊ. ಆದರೆ ಪುರಾಣದ ದೇವತೆಗಳು ತಮ್ಮತಮ್ಮಲ್ಲೇ ಜಗಳವಾಡುವವರು. ಒಬ್ಬನಿಗೆ ಪ್ರಿಯವಾದದ್ದು ಇನ್ನೊಬ್ಬನಿಗೆ ಅಪ್ರಿಯ. ಎಲ್ಲ ದೇವತೆಗಳೂ ಮೆಚ್ಚುವುದೇ ಪುಣ್ಯವೆಂದು ತಿದ್ದಿಕೊಂಡಾಗ ಎರಡು ಸಾವಿರ ವರ್ಷಗಳಾಚೆಗೂ ಧರ್ಮಚಿಂತಕರನ್ನು ಕಾಡುತ್ತಿರುವ ಪ್ರಶ್ನೆ ಏಳುತ್ತದೆ. ಒಂದು ಕಾರ್ಯ ದೇವತೆಗಳ ಮೆಚ್ಚುಗೆಯಿಂದಾಗಿ ಪುಣ್ಯವಾಯಿತೋ, ಅಥವಾ ತಾನಾಗಿಯೇ ಪುಣ್ಯವಾಗಿರುವುದರಿಂದ ದೇವತೆಗಳ ಮೆಚ್ಚುಗೆ ಪಡೆಯಿತೋ? ಮೊದಲನೆಯದಾದರೆ ಅವರು ಕ್ರೌರ್ಯವನ್ನು ಮೆಚ್ಚಿದರೂ ಪುಣ್ಯವೆನ್ನಬೇಕಾದೀತು. ಎರಡನೆಯದಾದರೆ ಪುಣ್ಯವೇನೆಂಬುದನ್ನು ನಮ್ಮ ವಿಚಾರಶಕ್ತಿಯಿಂದಲೇ ಹುಡುಕಬೇಕು. ದೇವರ ಹೆಸರು ಹೇಳಿ ನುಣುಚಿಕೊಳ್ಳುವಂತಿಲ್ಲ. ಯೂಥಿಫ್ರೊ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು, ಕೆಲಸವಿದೆಯೆಂದು ಅವಸರದಿಂದ ಹೊರಟುಹೋಗುತ್ತಾನೆ.

ಸಾಕ್ರಟೀಸನ ವಿಚಾರಣೆ ನಡೆಯಿತು. ನಗರದ ದೇವತೆಗಳನ್ನು ಮನ್ನಿಸದೆ ಹೊಸ ದೈವಗಳನ್ನು ತಂದನೆಂದೂ ತರುಣರನ್ನು ಕೆಡಿಸಿದನೆಂದೂ ಆಪಾದನೆ. ಸುಮಾರು ೫೦೦ ಮಂದಿ ನ್ಯಾಯದರ್ಶಿಗಳ ಮುಂದೆ ಅವನು ಡೆಲ್ಫಿಯದೇ ಒಂದು ಕತೆಯನ್ನು ಹೇಳಿದನು. ಕೀರಿಫನ್ ಎಂಬ ಗೆಳೆಯ ಡೆಲ್ಫಿಗೆ ಹೋಗಿ, ಸಾಕ್ರಟೀಸನಿಗಿಂತ ಜ್ಞಾನಿ ಯಾರಾದರೂ ಇದ್ದಾರೆಯೆ ಎಂದು ಕೇಳಿದ್ದನು. ಯಾರೂ ಇಲ್ಲವೆಂದು ಉತ್ತರ ಬಂದಿತ್ತು.

ಕ್ರೀಸಸನಾಗಿದ್ದರೆ ಹಿಗ್ಗುತ್ತಿದ್ದನು, ಸಾಕ್ರಟೀಸ್ ತಬ್ಬಿಬ್ಬಾದನು. ದೇವರು ಸುಳ್ಳಾಡುವಂತಿಲ್ಲ, ತಾನು ಜ್ಞಾನಿಯಲ್ಲವೆಂಬುದೂ ತನಗೆ ಗೊತ್ತು. ಎರಡೂ ಹೇಗೆ ನಿಜವಾದಾವು? ಆ ಮಾತನ್ನು ಪರೀಕ್ಷಿಸಲು, ತನಗಿಂತ ಜ್ಞಾನಿಯನ್ನು ಹುಡುಕುತ್ತ ಹೊರಟನು. ರಾಜಕಾರಣಿಗಳು ತಿಳಿದವರಂತೆ ತೋರಿದರು. ಕೆದಕಿದರೆ ಒಳಗೆ ಪೊಳ್ಳು. ಕವಿಗಳು ಚೆಲುವಾದ ಮಾತುಗಳನ್ನು ಬರೆದಿದ್ದರು. ತಾವು ಬರೆದುದರ ಅರ್ಥವನ್ನು ವಿವರಿಸಲಾರದಾದರು. ಕುಶಲಕರ್ಮಿಗಳಿಗೆ ಅವರವರ ಕಸುಬು ನಿಜವಾಗಿಯೂ ತಿಳಿದಿತ್ತು. ಆದರೆ ಅದೊಂದು ಬಂದುದರಿಂದಲೇ ಲೋಕದ ಹಿರಿಯ ವಿಷಯಗಳೆಲ್ಲ ತಿಳಿದವೆಂದು ಅವರೂ ಭ್ರಮಿಸಿದ್ದರು. ಕೊನೆಗೆ ದೇವವಾಣಿಯ ಅರ್ಥ ಅವನಿಗೆ ಹೊಳೆಯಿತು. ತಿಳಿಯದ್ದನ್ನು ತಿಳಿದಿಲ್ಲವೆಂದು ತಾನು ಬಲ್ಲನು; ತನ್ನ ಹೆಚ್ಚಳ ಅಷ್ಟೆ.

ದೇವರ ಮಾತಿಗೆ ವಿಧೇಯನಾಗುವುದೆಂದರೆ ಅದನ್ನು ವಿಚಾರಿಸಿ ನೋಡುವುದು ಎಂಬ ಈ ನಿಲುವು ಅಥೆನ್ಸಿನ ಜನಕ್ಕೆ ವಿಚಿತ್ರವಾಗಿ ತೋರಿರಬೇಕು. ಬಹುಮತ ಅವನನ್ನು ಅಪರಾಧಿಯೆಂದಿತು. ಮೂವತ್ತು ಮತಗಳು ಅತ್ತಿಂದಿತ್ತ ಆಗಿದ್ದರೆ ಬಿಡುಗಡೆಯಾಗುತ್ತಿತ್ತೆಂದು ಅವನೇ ಲೆಕ್ಕ ಹೇಳಿದನು. ಅನಂತರ ಮರಣದಂಡನೆ ವಿಧಿಸಿದರು. ಸೆರೆಮನೆಯಿಂದ ತಪ್ಪಿಸಿಕೊಳ್ಳಲು ಗೆಳೆಯರು ಏರ್ಪಾಡು ಮಾಡಿದರೂ ಅವನು ಒಪ್ಪಲಿಲ್ಲ.

ಅವನ ಧೈರ್ಯಕ್ಕೆ ಸ್ವರ್ಗದ ಭರವಸೆಯೇ ಆಧಾರವಾಗಿದ್ದಿತೆಂದು ಊಹಿಸಬಾರದು. ಸಾವಿನ ಆಚೆಗೆ ಏನಿದೆಯೆಂಬುದು ತನಗೆ ತಿಳಿಯದೆಂದು ಅವನು ನ್ಯಾಯಸಭೆಯಲ್ಲಿ ಒಪ್ಪಿಕೊಂಡಿದ್ದನು. ಸಾವು ಕೆಡುಕೇ ಎಂದು ಯಾರೂ ಬಲ್ಲವರಿಲ್ಲ. ಬಲ್ಲವರಂತೆ ಅದಕ್ಕೆ ಅಂಜುವುದು, ತಿಳಿಯದ್ದನ್ನು ತಿಳಿದೆನೆಂದುಕೊಳ್ಳುವ ಹಳೆಯ ತಪ್ಪೇ ಆಗುತ್ತದೆಂದು ಅವನ ವಾದ. ಅನ್ಯಾಯ ಮಾಡುವುದು ಕೆಡುಕೆಂಬುದು ಮಾತ್ರ ಅವನಿಗೆ ಖಂಡಿತವಾಗಿ ತಿಳಿದಿತ್ತು. ತಿಳಿಯದ ಕೆಡುಕಿಗೆ ಅಂಜಿ ತಿಳಿದ ಕೆಡುಕನ್ನು ಮಾಡಲು ಅವನು ಸಿದ್ಧನಿರಲಿಲ್ಲ. ಒಂದು ಸಂಜೆ ಹೆಮ್ಲಾಕ್ ಎಂಬ ಗಿಡದ ವಿಷರಸದ ಬಟ್ಟಲನ್ನು ಸೆರೆಮನೆಯ ಆಳು ತಂದಿತ್ತನು.  ಸಾಕ್ರಟೀಸ್ ದೇವತೆಗಳಿಗೆ ಪ್ರಾರ್ಥನೆ ಸಲ್ಲಿಸಿ, ಬಟ್ಟಲನ್ನು ಬರಿದುಮಾಡಿ, ಅಳತೊಡಗಿದ ಗೆಳೆಯರನ್ನು ಗದರಿಸಿದನು.

ಡೆಲ್ಫಿಯಿಂದ ಇಬ್ಬರಿಗೂ ಉತ್ತರ ದೊರೆತಿತ್ತು. ಅರಸ ತನಗೆ ಬೇಕಾದ ಅರ್ಥವನ್ನು ಒಡನೆಯೇ ಕಂಡುಕೊಂಡು ರಾಜ್ಯವನ್ನು ಕಳೆದುಕೊಂಡನು. ಬಡ ಅಥೆನ್ಸಿಗ ತನಗೆ ಸಂದ ಹೊಗಳಿಕೆಯನ್ನೇ ಸಂದೇಹಿಸಿ, ಬಾಳನ್ನೆಲ್ಲ ಅದರ ಅರ್ಥ ಹುಡುಕುವುದರಲ್ಲಿ ಕಳೆದನು. ದೇವರಿದ್ದಾನೆಯೆ, ಇದ್ದರೆ ಎಂಥವನು ಎಂಬ ಪ್ರಶ್ನೆಗೆ ಗ್ರೀಕರು ಎಲ್ಲರೂ ಒಪ್ಪುವ ಉತ್ತರವನ್ನು ಬಿಟ್ಟುಹೋಗಲಿಲ್ಲ. ಆ ಪ್ರಶ್ನೆಯನ್ನು ಕೇಳಹೋಗುವವನು ಮೊದಲು ಓದಿಕೊಂಡು ಹೋಗಬೇಕಾದ ಎರಡು ಪದಗಳನ್ನು ಮಾತ್ರ ಬಾಗಿಲಿನಲ್ಲೇ ಕೊರೆದಿದ್ದರು. ಒಳಗೆ ಹೋದವರು ಅಸಂಖ್ಯ. ನಿಂತು ಓದಿದವರು ಕೆಲವರು. ಯೂಥಿಡೀಮಸ್ ಎರಡು ಸಲ ಹಾದುಹೋಗಿದ್ದನು. ಆ ಮಾತು ಅವನಿಗೆ ಅರ್ಥವಾಗತೊಡಗಿದ್ದು ಊರಿಗೆ ಮರಳಿದ ಮೇಲೆ, ಲಗಾಮಿನ ಅಂಗಡಿಯಲ್ಲಿ.